ಪವರ್ ಏರಿತು, ಮೊದಲ ಅರವತ್ತು ಅಡಿ ಮಾತ್ರ ನಿಧಾನವಾಯಿತು, ಯಾಕೆ?

ಪ್ರಶ್ನೆ: ನನ್ನದು ಪೋಲೋ 1.0 ಟಿಎಸ್‌ಐ, ಮ್ಯಾನುವಲ್ ಗೇರ್. ಕಳೆದ ವರ್ಷ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದೆ, ಪವರ್ ಅಳೆಯುವ ಡೈನೋದಲ್ಲಿ 235 ಎನ್‌ಎಂ ಟಾರ್ಕ್ ತೋರಿಸಿತು. ಆದರೆ ಡ್ರ್ಯಾಗ್‌ನಲ್ಲಿ ಓಡಿಸಿದಾಗ 402 ಮೀಟರ್‌ಗೆ 17 ಸೆಕೆಂಡಿನ ಕೆಳಗೆ ಬರಲೇ ಇಲ್ಲ. ಟೈಮ್ ಸ್ಲಿಪ್‌ನಲ್ಲಿ ಮೊದಲ 60 ಅಡಿಗೆ 2.75 ಅಂತ ಉಂಟು. ರೀಮ್ಯಾಪ್‌ಗೆ ಮೊದಲು ಅದೇ 2.6 ಇತ್ತು. ಕ್ಲಚ್ ಬಿಟ್ಟ ಕೂಡಲೇ ಟೈರ್ ಕಿರುಚುತ್ತದೆ, ಮುಂದಿನಿಂದ ಡಬಡಬ ಹೊಡೆತ ಕೇಳುತ್ತದೆ. ಒಬ್ಬ ಗೆಳೆಯ 5000 ಆರ್‌ಪಿಎಂಗೆ ಏರಿಸಿ ಕ್ಲಚ್ ಬಿಡು ಅನ್ನುತ್ತಾನೆ. ಇನ್ನೊಬ್ಬ ಟೈರ್‌ನಲ್ಲಿ 15 ಪಿಎಸ್‌ಐ ಮಾತ್ರ ಇಡು, ಡಿಕ್ಕಿಯಲ್ಲಿ ಎರಡು ಚೀಲ ಹೊಯ್ಗೆ ಹಾಕು ಅನ್ನುತ್ತಾನೆ. ಗ್ಯಾರೇಜಿನವರು ಸ್ಟೇಜ್ 2 (ಇನ್ನೂ ಹೆಚ್ಚು ಪವರ್‌ನ ಟ್ಯೂನಿಂಗ್) ಮಾಡಿಸಿ, ಸ್ಪ್ರಿಂಗ್ ಇಳಿಸಿ, ಬೇಕಾದರೆ ಡಿಫರೆನ್ಶಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ವೆಲ್ಡಿಂಗ್ ಮಾಡಿಕೊಡುತ್ತೇವೆ ಅಂದರು. ಮುಂದಿನ ರೇಸ್ ಬೆಂಗಳೂರು ಕಡೆ. ಅದಕ್ಕೆ ಮೊದಲು ರಾತ್ರಿ ಹೊತ್ತು ಪಡುಬಿದ್ರಿ ಹತ್ತಿರ ಹೈವೇಯಲ್ಲಿ ಅಭ್ಯಾಸ ಮಾಡಬಹುದೇ? ಎಲ್ಲಿಂದ ಶುರು ಮಾಡಲಿ ಸರ್?
— ಸಂತೆಕಟ್ಟೆ, ಉಡುಪಿಯ ಓದುಗರು

ಉತ್ತರ:

ನಿಮ್ಮ ಪತ್ರದಲ್ಲಿ ಮುಖ್ಯವಾದ ಸಂಗತಿ 235 ಎನ್‌ಎಂ ಅಲ್ಲ. ಟಾರ್ಕ್ ಏರಿದ ಮೇಲೆ 60 ಅಡಿಯ ಸಮಯ 2.6ರಿಂದ 2.75ಕ್ಕೆ ಹೋಯಿತು ಅಂದಿರಲ್ಲ, ರೋಗ ಇರುವುದು ಅಲ್ಲಿ. ಪವರ್ ಕಡಿಮೆ ಇದ್ದು ಲಾಂಚ್ (ನಿಂತಲ್ಲಿಂದ ಹೊರಡುವುದು) ಕೆಟ್ಟಿದ್ದರೆ ರೀಮ್ಯಾಪ್‌ನಿಂದ ಅದು ಸುಧಾರಿಸಬೇಕಿತ್ತು. ಕೆಟ್ಟಿತು ಅಂದರೆ ನಿಮಗೆ ಸಾಲದೆ ಬಂದದ್ದು ಗ್ರಿಪ್. ಸ್ಟೇಜ್ 2ರ ದುಡ್ಡನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಳ್ಳಿ.

ಸ್ವಲ್ಪ ಲೆಕ್ಕ ಹಾಕೋಣ, ಯಾಕೆಂದರೆ ಗೆಳೆಯರ ಸಲಹೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ನೀವೂ ಸೇರಿ ಕಾರಿನ ತೂಕ 1140 ಕೆ.ಜಿ. ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು ಶೇ 62, ಅಂದರೆ 707 ಕೆ.ಜಿ., ನಿಂತಾಗ ಮುಂದಿನ ಚಕ್ರಗಳ ಮೇಲಿರುತ್ತದೆ. ವೀಲ್‌ಬೇಸ್ 2.47 ಮೀಟರ್, ಭಾರಕೇಂದ್ರದ ಎತ್ತರ ನೆಲದಿಂದ ಸುಮಾರು 52 ಸೆಂ.ಮೀ. ಒಣಗಿದ, ಚೊಕ್ಕ ಟಾರಿನ ಮೇಲೆ ಒಳ್ಳೆಯ ರಸ್ತೆ ಟೈರ್‌ಗೆ ಘರ್ಷಣಾಂಕ 0.9 ಸಿಕ್ಕಿತು ಅನ್ನೋಣ. ಕಾರು ಮುಂದಕ್ಕೆ ನುಗ್ಗುವಾಗ ಸುಮಾರು 112 ಕೆ.ಜಿ. ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಎಳೆಯುವ ಚಕ್ರಗಳ ಮೇಲೆ ಉಳಿಯುವುದು 595 ಕೆ.ಜಿ. ಇದರಿಂದ ಸಿಗುವ ಗರಿಷ್ಠ ವೇಗೋತ್ಕರ್ಷ 0.47 ಜಿ, ಅಂದರೆ ಗುರುತ್ವಾಕರ್ಷಣೆಯ 0.47 ಪಟ್ಟು. ಗಡಿಯಾರ ಶುರುವಾಗುವ ಮುಂಚೆ ಸಿಗುವ ಸುಮಾರು 30 ಸೆಂ.ಮೀ. ಓಟವನ್ನೂ (ಅದರ ಬಗ್ಗೆ ಮುಂದೆ ಹೇಳುತ್ತೇನೆ) ಲೆಕ್ಕಕ್ಕೆ ಹಿಡಿದರೆ, ಆ ಮಟ್ಟದಲ್ಲಿ 60 ಅಡಿ ದಾಟಲು ಸುಮಾರು 2.5 ಸೆಕೆಂಡ್ ಬೇಕು.

ಟೈರ್ ಸುತ್ತುತ್ತಾ ಜಾರಲು ಶುರುವಾದರೆ ಅದೇ ಘರ್ಷಣಾಂಕ 0.7ರ ಆಸುಪಾಸಿಗೆ ಇಳಿಯುತ್ತದೆ. ಆಗ ಸಿಗುವುದು 0.38 ಜಿ, 60 ಅಡಿಗೆ 2.75 ಸೆಕೆಂಡ್. ನಿಮ್ಮ ಸ್ಲಿಪ್‌ನಲ್ಲಿರುವ ಅಂಕಿ ಇದೇ. ಅಂದರೆ ಮೊದಲ 60 ಅಡಿಯುದ್ದಕ್ಕೂ ನಿಮ್ಮ ಟೈರ್ ಜಾರುತ್ತಲೇ ಇತ್ತು.

ಇನ್ನು ಆ 0.47 ಜಿ ಪಡೆಯಲು ಎಂಜಿನ್ ಎಷ್ಟು ಟಾರ್ಕ್ ಕೊಡಬೇಕು? ಮೊದಲ ಗೇರ್ ಮತ್ತು ಫೈನಲ್ ಡ್ರೈವ್ ಸೇರಿ ಟಾರ್ಕ್ ಹದಿಮೂರೂವರೆ ಪಟ್ಟು ಆಗುತ್ತದೆಂದು ಹಿಡಿದರೆ, ಮಧ್ಯದ ನಷ್ಟವನ್ನೂ ಕಳೆದು, 125ರಿಂದ 130 ಎನ್‌ಎಂ ಸಾಕು. ಕಂಪನಿಯಿಂದ ಬಂದಾಗಲೇ ನಿಮ್ಮ ಕಾರಿಗೆ 175 ಇತ್ತು. ಮೊದಲ ಗೇರ್‌ನಲ್ಲಿ ಅದೇ ಹೆಚ್ಚು. ಈಗಿರುವ 235 ಮೂರನೇ ಗೇರ್‌ನಿಂದ ಮೇಲಕ್ಕೆ ಕೆಲಸಕ್ಕೆ ಬರುತ್ತದೆ, ಲಾಂಚ್‌ನಲ್ಲಿ ಅದರಿಂದ ಬರುವುದು ಟೈರ್‌ನ ಹೊಗೆ ಮಾತ್ರ.

ಈ ಲೆಕ್ಕ ನಿಮ್ಮ ಕಾರಿಗೇ ಸರಿಯಾಗಬೇಕಾದರೆ ಬೈಕಂಪಾಡಿಯಲ್ಲೋ ನಿಮಗೆ ಹತ್ತಿರವಿರುವಲ್ಲೋ ಒಂದು ವೇಬ್ರಿಡ್ಜ್‌ಗೆ ಹೋಗಿ. ಮೊದಲು ಇಡೀ ಕಾರು, ಆಮೇಲೆ ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿ, ನೀವು ಸೀಟಿನಲ್ಲಿ ಕುಳಿತೇ. ಲಾರಿ ತೂಗುವ ಕಾಟ ಐದು ಹತ್ತು ಕೆ.ಜಿ. ಆಚೀಚೆ ತೋರಿಸಬಹುದು, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಹೊಯ್ಗೆ ಚೀಲದ ವಿಷಯವನ್ನು ಇಲ್ಲೇ ಮುಗಿಸಿಬಿಡೋಣ. ಅಂಬಾಸಡರ್, ಜೀಪು, ಪಿಕಪ್ ಹೀಗೆ ಹಿಂದಿನ ಚಕ್ರ ಎಳೆಯುವ ಗಾಡಿಗಳಿಗೆ ಅದು ಸರಿಯಾದ ಸಲಹೆ. ನಿಮ್ಮದು ಮುಂದಿನ ಚಕ್ರದ ಗಾಡಿ. ಹಿಂದಿನ ಆಕ್ಸಲ್‌ನಿಂದಲೂ ಹಿಂದೆ 60 ಕೆ.ಜಿ. ಇಟ್ಟರೆ ಅದು ಮೂತಿಯಿಂದ ಸುಮಾರು 12 ಕೆ.ಜಿ. ಎತ್ತಿಬಿಡುತ್ತದೆ, ಮೇಲಿಂದ ಒಟ್ಟು ತೂಕವೂ ಏರುತ್ತದೆ. 0.47 ಇದ್ದದ್ದು 0.44ಕ್ಕೆ ಬರುತ್ತದೆ. ಮಾಡಬೇಕಾದದ್ದು ತದ್ವಿರುದ್ಧ: ಸ್ಟೆಪ್ನಿ, ಜಾಕ್, ಪಾನಾ, ಸಬ್‌ವೂಫರ್, ಡಿಕ್ಕಿಯಲ್ಲಿ ಮರೆತ ಕೊಡೆ ಚಪ್ಪಲಿಗಳನ್ನೆಲ್ಲ ಇಳಿಸಿ. ಪೆಟ್ರೋಲ್ ಕಾಲು ಟ್ಯಾಂಕ್ ಇರಲಿ. ಹಿಂದಿನ ಸೀಟು ತೆಗೆಯಬಹುದೋ ಇಲ್ಲವೋ ಎಂಬುದು ನೀವು ಇಳಿಯುವ ಕ್ಲಾಸಿನ ನಿಯಮದಲ್ಲಿರುತ್ತದೆ, ಓದಿ ನೋಡಿ.

ಟೈರ್ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಇಡೀ ಲಾಂಚ್ ಅಂಗೈಯಗಲದ ಆ ಎರಡು ರಬ್ಬರ್ ತುಂಡಿನ ಮೇಲೆ ನಿಂತಿದೆ. 15 ಪಿಎಸ್‌ಐ ಎಂಬ ಅಂಕಿ ಅಮೆರಿಕದ ವಿಡಿಯೋಗಳಿಂದ ಬಂದದ್ದು. ಅಲ್ಲಿ ಹಾಕುವುದು ಡ್ರ್ಯಾಗ್ ಸ್ಲಿಕ್. ಅದರ ಪಕ್ಕದ ಗೋಡೆ ಸುಕ್ಕಾಗಿ ಮಡಚಿಕೊಳ್ಳಲೆಂದೇ ಮಾಡಿದ್ದು, ಟ್ರ್ಯಾಕ್‌ಗೂ ಅಂಟು ಹೊಡೆದಿರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ರನ್‌ವೇಯ ಬರಿಯ ಟಾರು, ಮೇಲೆ ಸ್ವಲ್ಪ ಧೂಳು. ರಸ್ತೆಯ ರೇಡಿಯಲ್ ಟೈರ್‌ನಲ್ಲಿ 15 ಇಟ್ಟರೆ ನಡುವಿನ ಟ್ರೆಡ್ ಒಳಕ್ಕೆ ಬಾಗಿ ಅಂಚುಗಳು ಮಾತ್ರ ನೆಲ ಹಿಡಿಯುತ್ತವೆ. ರಿಮ್ ಟೈರ್‌ನೊಳಗೇ ತಿರುಗಬಹುದು. ಟ್ರ್ಯಾಕ್‌ನ ಆ ತುದಿಯಲ್ಲಿ ಜೋರಾಗಿ ಬ್ರೇಕ್ ಹಾಕಿ ಸ್ಟೇರಿಂಗ್ ತಿರುಗಿಸಿದರೆ ಟೈರ್ ರಿಮ್‌ನಿಂದ ಕಳಚಲೂಬಹುದು.

ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಗಾಳಿಯಿಂದ ಶುರು ಮಾಡಿ, ಮುಂದೆ ಎರಡೆರಡು ಪಿಎಸ್‌ಐ ಇಳಿಸುತ್ತಾ ಪ್ರತಿ ಸಲ 60 ಅಡಿಯ ಸಮಯ ಬರೆದುಕೊಳ್ಳಿ. ಹೆಚ್ಚಿನ ರಸ್ತೆ ಟೈರ್‌ಗಳು 24ರಿಂದ 28ರ ನಡುವೆ ಎಲ್ಲೋ ಒಂದು ಕಡೆ ಚೆನ್ನಾಗಿ ಹಿಡಿಯುತ್ತವೆ, ಅದಕ್ಕಿಂತ ಕೆಳಗೆ ಹೋದರೆ ಸಮಯ ಮತ್ತೆ ಏರುತ್ತದೆ. 24ಕ್ಕಿಂತ ಕೆಳಗೆ ನಾನಂತೂ ಸಲಹೆ ಮಾಡುವುದಿಲ್ಲ. ಹಿಂದಿನ ಟೈರ್ ಸುಮ್ಮನೆ ಉರುಳುವುದಷ್ಟೇ, ಅಲ್ಲಿ 38 ಇರಲಿ. ಗಾಳಿಯನ್ನು ಓಟಕ್ಕೆ ಮೊದಲು ನೆರಳಿನಲ್ಲಿ ನೋಡಿ. ಟೈರ್ 10 ಡಿಗ್ರಿ ಬಿಸಿಯಾದರೆ ಒಂದೂವರೆ ಪಿಎಸ್‌ಐವರೆಗೆ ಏರುತ್ತದೆ. ಬಿಸಿಲು ಬಿದ್ದ ಬದಿಯ ಟೈರ್‌ಗೂ ನೆರಳಿನ ಬದಿಯದಕ್ಕೂ ವ್ಯತ್ಯಾಸ ಬಂದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಓಟ ಮುಗಿದ ಮೇಲೆ ಗಾಳಿ ತುಂಬಿಸದೆ ಮನೆಗೆ ಹೊರಡಬೇಡಿ.

ಟೈರ್ ಬದಲಿಸುವುದಾದರೆ ಟ್ರೆಡ್‌ವೇರ್ ಅಂಕಿ ನೋಡಿ, ಅದು ಕಡಿಮೆ ಇದ್ದಷ್ಟು ರಬ್ಬರ್ ಮೆತ್ತಗೆ. ಮೈಲೇಜ್‌ಗಾಗಿ ಮಾಡಿದ 300, 400ರ ಟೈರ್ ಬಿಟ್ಟು 200ರ ಟೈರ್‌ಗೆ ಬಂದು ಘರ್ಷಣಾಂಕ 1.1 ಸಿಕ್ಕಿತೆಂದರೆ, ಮೇಲಿನ ಅದೇ ಲೆಕ್ಕದಲ್ಲಿ 60 ಅಡಿಗೆ 2.3 ಸೆಕೆಂಡ್ ಬರುತ್ತದೆ. ಇಷ್ಟು ದೊಡ್ಡ ಲಾಭ ಬೇರೆ ಯಾವ ಒಂದು ಭಾಗದಿಂದಲೂ ಸಿಗದು. ನಷ್ಟವೂ ಇದೆ: ಅವು ಬೇಗ ಸವೆಯುತ್ತವೆ, ತೋಡು ಕಡಿಮೆ ಇರುವ ಮಾದರಿಗಳು ನಮ್ಮ ಆಟಿ ತಿಂಗಳ ಮಳೆಯಲ್ಲಿ ನೀರಿನ ಮೇಲೆ ತೇಲಿಬಿಡುತ್ತವೆ. ಅವಕ್ಕೆ ಬೇರೆ ರಿಮ್ ಇಟ್ಟುಕೊಂಡು ರೇಸ್‌ಗೆ ಮಾತ್ರ ಬಳಸಿ. ಸ್ಟಾರ್ಟ್‌ಗೆ ಹೋಗುವ ಮುಂಚೆ ಟೈರ್‌ಗೆ ಅಂಟಿದ ಕೆಂಪು ಧೂಳು, ಜಲ್ಲಿ ಉದುರಿಸಲು ಎರಡು ಮೂರು ಸೆಕೆಂಡ್ ಚಕ್ರ ತಿರುಗಿಸಿದರೆ ಸಾಕು. ಹೊಗೆ ಬರುವಷ್ಟು ಬರ್ನ್‌ಔಟ್ ಮಾಡಿದರೆ ರಸ್ತೆ ಟೈರ್‌ನ ಮೇಲ್ಮೈ ಜಿಡ್ಡಾಗಿ ಗ್ರಿಪ್ ಇನ್ನೂ ಇಳಿಯುತ್ತದೆ. ಜೊತೆಗೆ ನಿಮ್ಮದು ಓಪನ್ ಡಿಫರೆನ್ಶಿಯಲ್, ಒಂದೇ ಚಕ್ರ ಸುತ್ತಿ ಒಳಗಿನ ಸಣ್ಣ ಗೇರುಗಳು ತಿಂದುಹೋಗುತ್ತವೆ.

ಈಗ ಆ ಡಬಡಬ. ಅದು ವೀಲ್ ಹಾಪ್. ಟೈರ್ ಹಿಡಿಯುತ್ತದೆ, ಎಂಜಿನ್ ತನ್ನ ಮೌಂಟಿಂಗ್ ಮೇಲೆ ಹಿಂದಕ್ಕೆ ಹೊರಳುತ್ತದೆ, ಲೋವರ್ ಆರ್ಮ್‌ನ ಬುಷ್ ಹಿಂಡಿಕೊಳ್ಳುತ್ತದೆ. ಟೈರ್ ಜಾರಿದ ಕೂಡಲೇ ಎಲ್ಲವೂ ಸ್ಪ್ರಿಂಗಿನಂತೆ ಮುಂದಕ್ಕೆ ಚಿಮ್ಮುತ್ತದೆ, ಟೈರ್ ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹತ್ತಾರು ಸಲ ಹೀಗಾದಾಗ ನಿಮಗೆ ಕೇಳುವುದು ಆ ಹೊಡೆತ. ಸಮಯ ಹೋಗುವುದು ಸಣ್ಣ ವಿಷಯ. ಚಕ್ರಕ್ಕೆ ಬಲ ಒಯ್ಯುವ ಸಿವಿ ಜಾಯಿಂಟ್, ಡ್ರೈವ್ ಶಾಫ್ಟ್, ಡಿಫರೆನ್ಶಿಯಲ್‌ನ ಪಿನ್ ಮುರಿಯುವುದು ಹೆಚ್ಚಾಗಿ ಈ ಹೊಡೆತದಿಂದಲೇ. ಹಾಪ್ ಶುರುವಾಯಿತೆಂದರೆ ಆ ಓಟದ ಆಸೆ ಬಿಟ್ಟು ಎಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.

ನಿಮ್ಮ ಕಾರಿನಲ್ಲಿ ಎಂಜಿನ್ ಹೊರಳದಂತೆ ತಡೆಯುವುದು ಗೇರ್‌ಬಾಕ್ಸ್ ಕೆಳಗಿರುವ, ನಾಯಿಮೂಳೆಯ ಆಕಾರದ ಟಾರ್ಕ್ ಮೌಂಟ್. ಅದರ ರಬ್ಬರ್ ನಡುವೆ ದೊಡ್ಡ ಖಾಲಿ ಜಾಗ ಇರುತ್ತದೆ. ಕಾರನ್ನು ಲಿಫ್ಟ್‌ಗೆ ಏರಿಸಿ, ಲಿವರ್ ಹಾಕಿ ಅಲುಗಿಸಿ ನೋಡಿ. ರಬ್ಬರ್ ಸೀಳಿದ್ದರೆ ಹೊಸ ಮೌಂಟ್, ಇಲ್ಲದಿದ್ದರೆ ಆ ಖಾಲಿ ಜಾಗಕ್ಕೆ ಪಾಲಿಯುರಿಥೇನ್ ಇನ್ಸರ್ಟ್ ಹಾಕಿಸಿ. ಖರ್ಚು ಕಡಿಮೆ, ಗ್ಯಾರೇಜಿನಲ್ಲಿ ಅರ್ಧ ದಿನದ ಒಳಗಿನ ಕೆಲಸ, ಫಲ ಮೊದಲ ಲಾಂಚ್‌ನಲ್ಲೇ ಗೊತ್ತಾಗುತ್ತದೆ. ಮೂರು ಸಿಲಿಂಡರ್ ಎಂಜಿನ್ ಆದ್ದರಿಂದ ಐಡಲ್‌ನಲ್ಲಿ ನಡುಕ ಒಳಗೆ ಹೆಚ್ಚು ಬರುತ್ತದೆ, ದಿನಬಳಕೆಯ ಕಾರಾದರೆ ಅತಿ ಗಟ್ಟಿಯದು ಬೇಡ, ಶೋರ್ 70 ಗಟ್ಟಿತನ ಸಾಕು. ಜೊತೆಗೆ ಲೋವರ್ ಆರ್ಮ್‌ನ ಹಿಂದಿನ ಬುಷ್ ಮತ್ತು ಶಾಕ್ ಅಬ್ಸಾರ್ಬರ್ ನೋಡಿಸಿ. ನಮ್ಮ ಕಡೆಯ ಹಂಪು, ಮಳೆಗಾಲದ ಹೊಂಡಗಳಲ್ಲಿ ಓಡಿದ ಕಾರಿನಲ್ಲಿ ಆ ಬುಷ್ ಸರಿ ಇದ್ದರೆ ಅದೇ ಆಶ್ಚರ್ಯ. ಅಲೈನ್‌ಮೆಂಟ್‌ನಲ್ಲಿ ಮುಂದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸೊನ್ನೆ, ಅಥವಾ ಎರಡೂ ಚಕ್ರ ಸೇರಿ 1 ಮಿ.ಮೀ. ಹೊರಕ್ಕೆ ಇರಲಿ. ಎಳೆಯುವಾಗ ಚಕ್ರಗಳು ತಾವಾಗಿ ಒಳಮುಖ ಆಗುತ್ತವೆ.

ಸ್ಪ್ರಿಂಗ್ ಇಳಿಸಿದರೆ ಭಾರ ಹಿಂದಕ್ಕೆ ಹೋಗುವುದಿಲ್ಲ ಎಂಬ ಮಾತು ಕಾಲು ಭಾಗ ನಿಜ. ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ನಿರ್ಧರಿಸುವುದು ವೇಗೋತ್ಕರ್ಷ, ಭಾರಕೇಂದ್ರದ ಎತ್ತರ, ವೀಲ್‌ಬೇಸ್. ಸ್ಪ್ರಿಂಗ್ ಗಟ್ಟಿಯಾದರೆ ಮೂತಿ ಕಡಿಮೆ ಏಳುತ್ತದೆ, ಸರಿಯುವ ಭಾರ ಅಷ್ಟೇ ಇರುತ್ತದೆ. 25 ಮಿ.ಮೀ. ಇಳಿಸಿದರೆ ಲೆಕ್ಕದಲ್ಲಿ ಸಿಗುವುದು ಶೇ 1ಕ್ಕಿಂತ ಕಡಿಮೆ. ಅದಕ್ಕಾಗಿ ಪ್ರತಿ ಹಂಪಿನಲ್ಲೂ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಉಜ್ಜಿಸಿಕೊಳ್ಳುವುದು ನಿಮ್ಮ ಇಷ್ಟ.

5000 ಆರ್‌ಪಿಎಂ ಸಲಹೆ ಎಲ್ಲಿ ತಪ್ಪುತ್ತದೆ ನೋಡಿ. ಕಾರು ನಿಂತಿದೆ, ಎಂಜಿನ್ ತಿರುಗುತ್ತಿದೆ. ಈ ಎರಡರ ವೇಗ ಒಂದಾಗುವ ತನಕ ಮಧ್ಯದಲ್ಲಿ ಏನಾದರೂ ಒಂದು ಜಾರಲೇಬೇಕು, ಒಂದೋ ಕ್ಲಚ್, ಇಲ್ಲವಾದರೆ ಟೈರ್. ಮೊದಲ ಗೇರ್‌ನಲ್ಲಿ 3500 ಆರ್‌ಪಿಎಂ ಅಂದರೆ ಸುಮಾರು 29 ಕಿ.ಮೀ. ವೇಗ, 2500 ಅಂದರೆ 21 ಕಿ.ಮೀ. 5000ದಲ್ಲಿ ಕ್ಲಚ್ ಎತ್ತಿಬಿಟ್ಟರೆ 40 ಕಿ.ಮೀ. ತನಕದ ವ್ಯತ್ಯಾಸವನ್ನೆಲ್ಲ ಟೈರ್ ಜಾರಿಯೇ ತುಂಬಬೇಕು. ಜಾರಬೇಕಾದದ್ದು ಕ್ಲಚ್, ಅದೂ ಹಿಡಿತದಲ್ಲಿ.

ಆದ್ದರಿಂದ 2000ದಿಂದ ಶುರು ಮಾಡಿ, 2500, ಆಮೇಲೆ 3000 ನೋಡಿ. ಸ್ಟೇಜ್ ಆದ ಮೇಲೆ, ಅಂದರೆ ಸ್ಟಾರ್ಟ್ ಗೆರೆಯ ಕಿರಣದಲ್ಲಿ ಟೈರ್ ತಂದು ನಿಲ್ಲಿಸಿದ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ಕ್ಲಚ್ ಕಚ್ಚುವ ಬಿಂದುವಿಗೆ ತನ್ನಿ. ಮೂತಿ ತುಸು ಎದ್ದಂತೆ ಕಾಣುತ್ತದೆ. ಮೌಂಟಿಂಗ್, ಶಾಫ್ಟ್‌ಗಳ ಸಡಿಲವೆಲ್ಲ ಆಗಲೇ ಬಿಗಿಯಾಗುವುದರಿಂದ ಮೊದಲ ಹೊಡೆತ ತಪ್ಪುತ್ತದೆ. ಈ ಸ್ಥಿತಿಯಲ್ಲಿ ಒಂದೆರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಡಿ, ಕ್ಲಚ್ ಕಾಯುತ್ತದೆ. ದೀಪ ಬಿದ್ದಾಗ ಹ್ಯಾಂಡ್‌ಬ್ರೇಕ್ ಬಿಟ್ಟು, ಕ್ಲಚ್ ಪೆಡಲನ್ನು ಇನ್ನು ಸ್ವಲ್ಪವೇ ಮೇಲಕ್ಕೆ ಬಿಟ್ಟು ಅಲ್ಲೇ ಹಿಡಿಯಿರಿ. ಆರ್‌ಪಿಎಂ ಮುಳ್ಳು ಬೀಳದೆ, ಏರದೆ ನಿಲ್ಲಬೇಕು. ಒಂದು, ಒಂದೂವರೆ ಸೆಕೆಂಡಿನಲ್ಲಿ ಕಾರು 20ರಿಂದ 25 ಕಿ.ಮೀ. ಮುಟ್ಟುತ್ತದೆ. ಆಗ ಪೆಡಲ್ ಪೂರ್ತಿ ಬಿಟ್ಟು ಎಕ್ಸಿಲರೇಟರ್ ಪೂರ್ತಿ ಒತ್ತಿ. ಮುಳ್ಳು ಕೆಳಗೆ ಬಿದ್ದು ಕಾರು ಉಸಿರುಗಟ್ಟಿದರೆ ಮುಂದಿನ ಸಲ 300 ಹೆಚ್ಚಿಸಿ, ಟೈರ್ ಕಿರುಚಿದರೆ 300 ಇಳಿಸಿ. ಸಣ್ಣ ಚೀರು ಕೇಳಿದರೆ ಪರವಾಗಿಲ್ಲ. ಟೈರ್ ಅತ್ಯಂತ ಚೆನ್ನಾಗಿ ಎಳೆಯುವುದು ಶೇ 10ರಿಂದ 15 ಜಾರುವಾಗಲೇ. ಟ್ರಾಕ್ಷನ್ ಕಂಟ್ರೋಲ್ ಸ್ವಿಚ್ ನಿಮ್ಮ ವೇರಿಯಂಟ್‌ನಲ್ಲಿದ್ದರೆ ಆಫ್ ಮಾಡಿಯೂ ಆನ್ ಇಟ್ಟೂ ಓಡಿಸಿ ನೋಡಿ. ಕಾಲು ಪಳಗುವ ತನಕ ಆನ್ ಇದ್ದಾಗಲೇ ಸಮಯ ಚೆನ್ನಾಗಿ ಬಂದರೆ ನಾಚಿಕೆಪಡಬೇಕಾದ್ದಿಲ್ಲ.

ಇಂಥ ಒಂದು ಲಾಂಚ್‌ನಲ್ಲಿ, 29 ಕಿ.ಮೀ. ತನಕ ಕ್ಲಚ್ ಜಾರಿತೆಂದರೆ, ಸುಮಾರು 37 ಕಿಲೋಜೌಲ್ ಶಾಖ ಆ ಪ್ಲೇಟಿಗೆ ಹೋಗುತ್ತದೆ. ಒಂದರ ಹಿಂದೆ ಒಂದು ನಾಲ್ಕು ಲಾಂಚ್ ಮಾಡಿದರೆ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಕಚ್ಚುವ ಜಾಗವೇ ಬದಲಾಗುತ್ತದೆ. ಎರಡು ಲಾಂಚ್ ನಡುವೆ ಐದರಿಂದ ಹತ್ತು ನಿಮಿಷ, ನಡುವೆ ಒಂದಿಷ್ಟು ದೂರ ಕ್ಲಚ್ ಮುಟ್ಟದೆ ಓಡಿಸಿದರೆ ಇನ್ನೂ ಒಳ್ಳೆಯದು. 235 ಎನ್‌ಎಂ ಅನ್ನು ಈಗಿನ ಕ್ಲಚ್ ಹಿಡಿಯುತ್ತಿದೆಯೇ ಎಂದು ಮೊದಲು ಪರೀಕ್ಷಿಸಿ: ಐದನೇ ಗೇರ್, 1800 ಆರ್‌ಪಿಎಂ, ಪೂರ್ತಿ ಎಕ್ಸಿಲರೇಟರ್. ಕಾರಿನ ವೇಗ ಏರದೆ ಮುಳ್ಳು ಮಾತ್ರ ಓಡಿದರೆ ಕ್ಲಚ್ ಸೋತಿದೆ. ಬದಲಿಸುವಾಗ ಗಟ್ಟಿ ಪ್ರೆಶರ್ ಪ್ಲೇಟ್ ಇರುವ ಆರ್ಗ್ಯಾನಿಕ್ ಪ್ಲೇಟನ್ನೇ ಆರಿಸಿ. ಸೆರಾಮಿಕ್ ಪಕ್ ಕ್ಲಚ್ ಸ್ವಿಚ್‌ನಂತೆ ಹಿಡಿಯುತ್ತದೆ, ನಿಮಗೆ ಬೇಕಾದ ಆ ಒಂದೂವರೆ ಸೆಕೆಂಡಿನ ಜಾರಾಟವನ್ನೇ ಕಸಿದುಕೊಳ್ಳುತ್ತದೆ. ಇನ್ನೊಂದು, ಕರಾವಳಿಯ ಉಪ್ಪು ಗಾಳಿಯಲ್ಲಿ ಮಳೆಗಾಲ ಪೂರ್ತಿ ನಿಂತ ಕಾರಿನ ಫ್ಲೈವೀಲ್ ಮೇಲೆ ತೆಳು ತುಕ್ಕು ಹಿಡಿದು ಕ್ಲಚ್ ನಡುಗುತ್ತದೆ. ಅದು ಹಾಳಾಗಿದೆಯೆಂದು ಬಿಚ್ಚಿಸುವ ಮುಂಚೆ ಕೆಲವು ದಿನ ಸಾಮಾನ್ಯವಾಗಿ ಓಡಿಸಿ.

ಗ್ಯಾರೇಜಿನವರಿಗೆ ನೀವು ಕೇಳಬೇಕಾದ ಕೆಲಸ ಬೇರೆ ಇದೆ: ಗೇರ್ ಪ್ರಕಾರ ಟಾರ್ಕ್ ಮಿತಿ. ರೀಮ್ಯಾಪ್ ಮಾಡಿದವರು ಗೊತ್ತಿದ್ದವರಾದರೆ ಮೊದಲ ಗೇರ್‌ಗೆ 150 ಎನ್‌ಎಂ, ಎರಡನೆಯದಕ್ಕೆ 200ರ ಸುತ್ತ ಮಿತಿ ಹಾಕಿ, ಮೂರರಿಂದ ಪೂರ್ತಿ ಬಿಡಬಲ್ಲರು. ಮಾರುವವರಿಗೆ ಇದರಲ್ಲಿ ಹೇಳಿಕೊಳ್ಳುವಂಥ ದೊಡ್ಡ ಅಂಕಿ ಇಲ್ಲ, ಹಾಗಾಗಿ ಅವರಾಗಿ ಹೇಳುವುದಿಲ್ಲ ಮಾರಾಯ್ರೆ. ಲಾಂಚ್ ಕಂಟ್ರೋಲ್ (ಹೊರಡುವಾಗ ಆರ್‌ಪಿಎಂ ಹಿಡಿದಿಡುವ ಸೌಲಭ್ಯ) ಹಾಕಿಸಿದರೂ ಮಿತಿ 2500ರಿಂದ 3000ದೊಳಗೆ ಇರಲಿ. ಪಟಪಟ ಸದ್ದು ಮಾಡುವ ಆ್ಯಂಟಿ-ಲ್ಯಾಗ್ ಮಾತ್ರ ಬೇಡ, ಎಕ್ಸಾಸ್ಟ್‌ನೊಳಗೆ ಉರಿದ ಪೆಟ್ರೋಲ್ ಟರ್ಬೊ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಎರಡನ್ನೂ ತಿನ್ನುತ್ತದೆ.

ಡಿಫರೆನ್ಶಿಯಲ್ ವೆಲ್ಡಿಂಗ್‌ಗೆ ನನ್ನ ಉತ್ತರ ಬೇಡ ಎಂದೇ. ತಿರುವಿನಲ್ಲಿ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲು ಹಟ ಹಿಡಿಯುತ್ತವೆ, ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ಶಾಫ್ಟ್ ಮುರಿಯುತ್ತದೆ. ಮಳೆಯಲ್ಲಿ ಅಂಥ ಕಾರನ್ನು ಮಂಗಳೂರಿಗೆ ಓಡಿಸಿಕೊಂಡು ಹೋಗುವುದು ಅಪಾಯ. ಒಂದೇ ಚಕ್ರ ಸುತ್ತುತ್ತಿದೆ ಎಂಬುದು ರಬ್ಬರ್ ಗುರುತಿನಿಂದ ಖಚಿತವಾದರೆ ಹೆಲಿಕಲ್ ಎಲ್‌ಎಸ್‌ಡಿ (ಜಾರುವ ಚಕ್ರಕ್ಕೇ ಎಲ್ಲ ಬಲ ಹೋಗದಂತೆ ತಡೆಯುವ ಡಿಫರೆನ್ಶಿಯಲ್) ಸರಿಯಾದ ದಾರಿ. ಗೇರ್‌ಬಾಕ್ಸ್ ಇಳಿಸಬೇಕು, ದುಬಾರಿ. ಟೈರ್, ಮೌಂಟ್, ಕಾಲಿನ ಅಭ್ಯಾಸ ಮೂರೂ ಮುಗಿದ ಮೇಲೆ ಯೋಚಿಸುವ ವಿಷಯ.

ಸ್ಟೇಜಿಂಗ್‌ನಲ್ಲಿ ಖರ್ಚಿಲ್ಲದೆ ಸಿಗುವ ಲಾಭ ಒಂದಿದೆ. ಕಂಬಳದ ಕರೆಯಲ್ಲಿ ಕೋಣಗಳು ಮಂಜೊಟ್ಟಿ (ಓಟ ಮುಗಿಯುವ ತುದಿ) ಮುಟ್ಟಿದ್ದನ್ನು ಈಗ ಲೇಸರ್ ಕಿರಣ ಹೇಳುವ ಹಾಗೆ, ಇಲ್ಲಿ ಹೊರಟದ್ದನ್ನೂ ಕಿರಣವೇ ಹೇಳುತ್ತದೆ. ನಿಮ್ಮ ಓಟದ ಗಡಿಯಾರ ಶುರುವಾಗುವುದು ಹಸಿರು ದೀಪ ಬಿದ್ದಾಗ ಅಲ್ಲ, ಮುಂದಿನ ಟೈರ್ ಸ್ಟೇಜ್ ಕಿರಣದಿಂದ ಹೊರಬಂದಾಗ. ಸ್ಟೇಜ್ ದೀಪ ಹತ್ತಿದ ಕ್ಷಣವೇ ನಿಂತರೆ ಗಡಿಯಾರ ಶುರುವಾಗುವ ಮುಂಚೆ ಸುಮಾರು 30 ಸೆಂ.ಮೀ. ಓಟ ಸಿಗುತ್ತದೆ. ಇನ್ನೂ ಮುಂದಕ್ಕೆ ಹೋಗಿ ನಿಂತವರು 60 ಅಡಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳುತ್ತಾರೆ. ನಿಮ್ಮ 2.6, 2.75ರ ಹೋಲಿಕೆಯಲ್ಲೂ ಇದರ ಪಾಲು ಸ್ವಲ್ಪ ಇರಬಹುದು. ಪ್ರತಿ ಸಲ ಒಂದೇ ರೀತಿ ಸ್ಟೇಜ್ ಮಾಡದೆ ಗಾಳಿ, ಆರ್‌ಪಿಎಂಗಳ ಪ್ರಯೋಗಕ್ಕೆ ಅರ್ಥವಿಲ್ಲ.

ಬೆಂಗಳೂರಿಗೆ ಹೋದಾಗ ಇಲ್ಲಿನ ಸೆಟ್ಟಿಂಗ್ ಹಾಗೇ ಕೂರುವುದಿಲ್ಲ. ನಮ್ಮದು ಸಮುದ್ರಮಟ್ಟ, ಅಲ್ಲಿ 900 ಮೀಟರ್ ಎತ್ತರ, ಗಾಳಿಯ ಒತ್ತಡ ಸುಮಾರು ಶೇ 10 ಕಡಿಮೆ. ಟರ್ಬೊ ಬೂಸ್ಟ್ ಕಟ್ಟಿದ ಮೇಲೆ ಅದನ್ನು ಬಹುಪಾಲು ಸರಿದೂಗಿಸುತ್ತದೆ, ಕಟ್ಟುವ ಮೊದಲು ಅಲ್ಲ. ಲಾಂಚ್ ನಡೆಯುವುದೇ ಆ ಮೊದಲಿನ ಹೊತ್ತಿನಲ್ಲಿ. ಇಲ್ಲಿ 2500 ಸರಿ ಬಂದಿದ್ದರೆ ಅಲ್ಲಿ 2700, 2800ರಿಂದ ನೋಡಿ. ಇನ್ನೊಂದು ಕಡೆ, 30 ಡಿಗ್ರಿ ಸೆಕೆಯಲ್ಲಿ ತೇವಾಂಶ ಶೇ 80 ಇದ್ದರೆ ನಮ್ಮ ಗಾಳಿಯ ಶೇ 3ಕ್ಕಿಂತ ಹೆಚ್ಚು ಭಾಗ ಬರೀ ನೀರಾವಿ, ಅಷ್ಟು ಆಮ್ಲಜನಕ ಕಡಿಮೆ. ಅಲ್ಲಿನ ಒಣ ಹವೆಯಲ್ಲಿ ಆ ನಷ್ಟ ಕಡಿಮೆ. ಸರದಿಯಲ್ಲಿ ಕಾಯುವಾಗ ಎಂಜಿನ್ ನಿಲ್ಲಿಸಿ ಬಾನೆಟ್ ತೆರೆದಿಡಿ. ನಿಮ್ಮ ಕಾರಿನ ಇಂಟರ್‌ಕೂಲರ್ ಇಂಟೇಕ್ ಮ್ಯಾನಿಫೋಲ್ಡ್‌ನೊಳಗೇ ಇದೆ, ಬೇಗ ಬಿಸಿ ಹೀರಿಕೊಳ್ಳುತ್ತದೆ.

ಪಡುಬಿದ್ರಿ ಹೈವೇ ಬೇಡ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್‌ನಲ್ಲಿ ಸಾರ್ವಜನಿಕ ರಸ್ತೆಯಲ್ಲಿ ರೇಸಿಂಗ್‌ಗೆ ಮೊದಲ ಸಲವೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ರಾತ್ರಿ ಆ ರಸ್ತೆಯಲ್ಲಿ ಮೀನಿನ ಲಾರಿಗಳು ಸುರಿಸಿಕೊಂಡು ಹೋದ ನೀರಿನ ಮೇಲೆ ಗ್ರಿಪ್ ಅಳೆದರೆ ಸಿಗುವ ಅಂಕಿಯೂ ಉಪಯೋಗಕ್ಕೆ ಬಾರದು. ನಿಮಗೆ ಅಭ್ಯಾಸಕ್ಕೆ ಬೇಕಾದದ್ದು 402 ಮೀಟರ್ ಅಲ್ಲವಲ್ಲ, 60 ಅಡಿ. ಗೇಟು ಹಾಕಿದ ಖಾಸಗಿ ಯಾರ್ಡ್, ಮಾಲೀಕರ ಅನುಮತಿ, ಮುಂದೆ ನೂರು ಮೀಟರ್ ಖಾಲಿ ಜಾಗ, ಹೆಲ್ಮೆಟ್ ಇಷ್ಟಿದ್ದರೆ ಆಯಿತು. ಸಮಯ ಅಳೆಯಲು ಫೋನಿನ ಜಿಪಿಎಸ್ ಸೆಕೆಂಡಿಗೆ ಒಂದು ಸಲ ಓದುತ್ತದೆ, ಎರಡೂವರೆ ಸೆಕೆಂಡಿನ ಕೆಲಸಕ್ಕೆ ಅದು ಸಾಲದು. 10 ಹರ್ಟ್ಸ್ ಅಥವಾ ಹೆಚ್ಚಿನ ಜಿಪಿಎಸ್ ಲಾಗರ್ ಎರವಲು ತನ್ನಿ. ಮೊದಲ ದಿನ ಗಾಳಿಯ ಒತ್ತಡ ಮಾತ್ರ ಬದಲಿಸಿ, ಎರಡನೇ ದಿನ ಆರ್‌ಪಿಎಂ ಮಾತ್ರ. ಟಾರ್ಕ್ ಮೌಂಟ್ ಇನ್ಸರ್ಟ್ ಹಾಕುವ ಮೊದಲು ಯಾವ ಲಾಂಚನ್ನೂ ಮಾಡಬೇಡಿ. ದಿನದ ಕೊನೆಗೆ ಚಕ್ರ ತಿರುಗಿಸಿ ಸಿವಿ ಬೂಟ್‌ಗಳಿಂದ ಗ್ರೀಸ್ ಹಾರಿದೆಯೇ ಅಂತ ನೋಡಿ, ವೀಲ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಮತ್ತೊಮ್ಮೆ ಬಿಗಿ ಮಾಡಿ.